ನಿರ್ಭೀತನ ಎರಡನೇ ಭಾಗ

ಕರ್ಮಗಳೆಲ್ಲ ಮುಗಿದು, ಊರಿನಿಂದ ಬಂದಿದ್ದ ನೆಂಟರು ಬಸ್ಸು ಹತ್ತಿ ಹೋದ ಮೇಲಿನ ಮೊದಲ ಮುಂಜಾನೆ ಗೌರಾಬಾಯಿ ಕೊಡ ಹಿಡಿದುಕೊಂಡು ವಾಡೆಯ ನಳಕ್ಕೆ ಹೋದಳು. ಪುಣೆಯ ಕಸಬಾ ಪೇಠೆಯ, ಹತ್ತಾರು ಸಂಸಾರಗಳಿದ್ದ ಆ ವಾಡೆಯಲ್ಲಿ ನಳದ ಸರತಿ ಎಂದರೆ ಕುಸ್ತಿಯ ಅಖಾಡವಿದ್ದಂತೆ. ಅಲ್ಲಿ ಮಾತಿಗೆ ಮೊದಲು ಬಿಂದಿಗೆಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಆದರೆ ಅಂದು ಅವಳನ್ನು ಕಂಡದ್ದೇ ತಡ, ಎಲ್ಲ ಬಿಂದಿಗೆಗಳೂ ತಾವಾಗಿ ಪಕ್ಕಕ್ಕೆ ಸರಿದವು. ಪಕ್ಕದ ಮನೆಯ ರುದ್ರವ್ವ ನೀರಿನ ವಿಷಯದಲ್ಲಿ ಹೆತ್ತ ತಾಯಿಯನ್ನೂ ನಂಬುವವಳಲ್ಲ. ಅವಳು ತನ್ನ ತುಂಬಿದ ಕೊಡವನ್ನೇ ಎತ್ತಿ ಇವಳ ಖಾಲಿ ಕೊಡಕ್ಕೆ ಸುರಿದಳು. ಗಂಡ ಸತ್ತದ್ದು ನಿಜ ಎಂದು ಗೌರಾಬಾಯಿಗೆ ಖಾತ್ರಿಯಾದದ್ದು ಆಗಲೇ.

ಅವಳು ಇನ್ನೂ ಅತ್ತಿರಲಿಲ್ಲ. ಇದು ವಾಡೆಯ ಹೆಂಗಸರಿಗೆ ದೊಡ್ಡ ಚಿಂತೆಯಾಗಿತ್ತು. ಕಾಮಾಲೆ ಎಂದು ಮಲಗಿದ ಗಂಡ ರಘುರಾಮ ಏಳದೇ ಹೋದಾಗಲೂ, ಆಮೇಲೆ ಮನೆ ತುಂಬ ಮಂತ್ರ ತುಂಬಿಕೊಂಡಾಗಲೂ ಅವಳು ಎಂ.ಎ. ಪರೀಕ್ಷೆಯಲ್ಲಿ ಓದದೇ ಇದ್ದ ಪ್ರಶ್ನೆ ಬಂದವಳಂತೆ ನೆಟ್ಟಗೆ ಕೂತಿದ್ದಳು. ಒಳಗೆ ಯಾರೋ ಫ್ಯೂಜು ಕಿತ್ತು ಹೋಗಿದ್ದರು, ಅಷ್ಟೆ. ಇದು ಉಳ್ಳಾಗಡ್ಡಿ ತಿನ್ನದ ಮನೆ ಎಂಬುದನ್ನೂ ಮರೆತು ರುದ್ರವ್ವ ಒಂದು ಬುಟ್ಟಿ ಉಳ್ಳಾಗಡ್ಡಿ ತಂದು ಅವಳ ಕೈಯಿಂದ ಹೆಚ್ಚಿಸಿ ನೋಡಿದ್ದಳು. ಎದುರಿಗೆ ಕೂತ ರುದ್ರವ್ವನ ಕಣ್ಣಲ್ಲಿ ಮಾತ್ರ ನೀರು ಬಂದಿತ್ತು.

ಹಗಲು ಹೊತ್ತಿನಲ್ಲಿ ರಘುರಾಮ ಮೋಟಾರಿನ ಬಿಡಿಭಾಗ ಮಾರುವ ಕಂಪನಿಯೊಂದರ ಗುಮಾಸ್ತ. ಆದರೆ ಪುಣೆಯ ಕನ್ನಡಿಗರ ಪಾಲಿಗೆ ಅವನು 'ನಿರ್ಭೀತ'. 'ಮುಠಾತೀರ' ಎಂಬ ಕನ್ನಡ ಮಾಸಿಕದ ಕೊನೆಯ ಪುಟದಲ್ಲಿ ಅವನು ಭೂತಬಂಗಲೆಯ ಚಿತ್ರಗಳನ್ನು ಮಾತ್ರ ವಿಮರ್ಶಿಸುತ್ತಿದ್ದ. ಎಂಬತ್ತರ ದಶಕದ ನಡುಭಾಗ ಅದು. ಹಿಂದಿಯಲ್ಲಿ ಬಂಗಲೆ, ಹವೇಲಿ, ಕೋಠಿಗಳು ಒಂದರ ಬೆನ್ನಿಗೊಂದು ಬಿಡುಗಡೆಯಾಗುತ್ತಿದ್ದ ಕಾಲ. ನಿರ್ಭೀತ ಯಾವ ದೆವ್ವಕ್ಕೂ ಸೊಪ್ಪು ಹಾಕಿದವನಲ್ಲ. 'ಇಂದಿನವರೆಗೆ ಈ ದೇಶದ ಯಾವ ಭೂತಬಂಗಲೆಯ ಮಾಲೀಕನೂ ಬಾಗಿಲಿನ ತಿರುಗಣಿಗೆ ಒಂದು ಹನಿ ಎಣ್ಣೆ ಬಿಟ್ಟ ದಾಖಲೆಯಿಲ್ಲ' ಎಂದು ಬರೆಯುತ್ತಿದ್ದ. 'ದೆವ್ವದ ಮುಖದ ಬಣ್ಣ ಬೆವರಿಗೆ ಕರಗಿ ನಾಯಕನ ಅಂಗಿಗೆ ಹತ್ತಿದ್ದೊಂದೇ ಚಿತ್ರದ ಭಯಾನಕ ದೃಶ್ಯ' ಎನ್ನುತ್ತಿದ್ದ. ಎರಡನೇ ಭಾಗ ಎಂದರಂತೂ ಅವನಿಗೆ ಮೈಯೆಲ್ಲ ಉರಿ. 'ಎರಡನೇ ಭಾಗ ಎಂದರೆ ಮೊದಲ ಭಾಗದ ತಿಥಿ. ಸತ್ತವರನ್ನು ಕರೆಯುವುದು ನೆಪ, ನಿರ್ಮಾಪಕರ ಕಣ್ಣೆಲ್ಲ ಊಟದ ಮೇಲೆ.'

ಗೌರಾಬಾಯಿ ಅಂಥ ಒಂದು ಚಿತ್ರವನ್ನೂ ನೋಡಿದವಳಲ್ಲ. ಧಾರವಾಡದಲ್ಲಿ 'ಚಂಪೂ ಕಾವ್ಯಗಳಲ್ಲಿ ಕಾಲದ ಕಲ್ಪನೆ' ಎಂಬ ಪ್ರಬಂಧ ಬರೆದು ಪ್ರಥಮ ದರ್ಜೆ ಪಡೆದವಳಿಗೆ ದೆವ್ವದ ಚಿತ್ರ ಶೋಭಿಸುವುದಿಲ್ಲ ಎಂದು ಅವಳ ನಂಬಿಕೆ. ಪುಣೆಗೆ ಬಂದ ಮೇಲೆ ಆ ಪ್ರಬಂಧ ಅವಳಿಗೆ ಒಂದೇ ಒಂದು ಸಲ ಉಪಯೋಗಕ್ಕೆ ಬಂದಿತ್ತು. ಕಾಲು ಕುಂಟುತ್ತಿದ್ದ ಕಪಾಟಿನ ಕೆಳಗೆ ರಘುರಾಮ ಅದನ್ನು ಇಟ್ಟಿದ್ದ. ಕಪಾಟು ಅಂದಿನಿಂದ ಅಲುಗಿಲ್ಲ.

ಅವಳು ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ 'ಮುಠಾತೀರ'ದ ಸಂಪಾದಕ ಸಿದ್ದಲಿಂಗಪ್ಪ ಬಾಗಿಲಲ್ಲಿ ನಿಂತಿದ್ದರು. ಮಾಸಿಕದ ಮುದ್ರಕರೂ ಅವರೇ ಆದ್ದರಿಂದ ಅವರ ಬೆರಳುಗಳು ಸದಾ ಕಪ್ಪು. ಸಂತಾಪ ಸೂಚಿಸಲು ಕಣ್ಣೊರೆಸಿಕೊಂಡರೆ ಮುಖಕ್ಕೆ ಕಾಡಿಗೆ ಹಚ್ಚಿದಂತಾಗುತ್ತಿತ್ತು. ಅವರು ಬಂದ ಕೆಲಸ ಬೇರೆಯೇ ಇತ್ತು. ನಿರ್ಭೀತನ ಪುಟ ಖಾಲಿ ಬಿದ್ದಿದೆ, ಇವತ್ತು ಶುಕ್ರವಾರ, 'ಬಂಜರ್ ಬಂಗ್ಲಾ' ಚಿತ್ರದ ಎರಡನೇ ಭಾಗ ಬಿಡುಗಡೆ, ಓದುಗರು ಕಾಯುತ್ತಿದ್ದಾರೆ, ಆದರೆ ಏನು ಮಾಡುವುದು, ಆ ಪುಟವನ್ನು ಇನ್ನು ತಮ್ಮ ಹೆಂಡತಿಯ ತಮ್ಮ ಶಿವಪುತ್ರಪ್ಪನಿಗೆ ಕೊಡಬೇಕೆಂದಿದ್ದೇನೆ ಎಂದು ಅವರು ನಿಧಾನವಾಗಿ ಹೇಳಿದರು. ಶಿವಪುತ್ರಪ್ಪ ಮೂಲವ್ಯಾಧಿಗೆ ಮನೆಮದ್ದು ಬರೆಯುವವನು.

ಗೌರಾಬಾಯಿಯ ಕಣ್ಣ ಮುಂದೆ ಆ ಪುಟ ಬಂದು ನಿಂತಿತು. ಮೇಲೆ ನಿರ್ಭೀತನ ಹೆಸರಿದ್ದ ಜಾಗ. ಅದರ ಕೆಳಗೆ ಮೂಲವ್ಯಾಧಿ.

"ನಾ ಬರೀತೀನ್ರಿ" ಎಂದಳು.

ಸಿದ್ದಲಿಂಗಪ್ಪ ಬೆಚ್ಚಿದರು. ಅವರಿಗಿಂತ ಹೆಚ್ಚು ಬೆಚ್ಚಿದವಳು ಅವಳೇ. ಮದುವೆಯಾದ ಮೇಲೆ ಅವಳು ಬರೆದದ್ದರಲ್ಲಿ ಅತಿ ಉದ್ದದ್ದು ಎಂದರೆ ಕಿರಾಣಿ ಅಂಗಡಿಗೆ ಕಳಿಸಿದ ಚೀಟಿ.

ಆದರೆ ಆಡಿದ್ದನ್ನು ನುಂಗಲು ಅವಳಿಗೆ ಮನಸ್ಸಾಗಲಿಲ್ಲ. ಅದಕ್ಕೆ ಕಾರಣವೂ ಇತ್ತು. ರಘುರಾಮನ ಅಣ್ಣ ಹಣಮಂತ್ರಾಯರು ಇನ್ನೂ ಪುಣೆಯಲ್ಲೇ ಉಳಿದಿದ್ದರು. ಸುರಪುರದಲ್ಲಿ ಮಾಸ್ತರಿಕೆ ಮಾಡಿದ, ಒಳ್ಳೆಯ ಮನುಷ್ಯ. ಒಬ್ಬಂಟಿ ಹೆಣ್ಣುಮಗಳು ಪರವೂರಿನಲ್ಲಿ ಇರಬಾರದೆಂದು ನಾಳೆ ಬೆಳಗಿನ ಬಸ್ಸಿಗೆ ಅವಳನ್ನು ತಮ್ಮ ಜೊತೆ ಕರೆದೊಯ್ಯುವವರಿದ್ದರು. ಟಿಕೆಟ್ಟು ತರಲು ಆಗಲೇ ಹೋಗಿದ್ದರು. ಸುರಪುರದಲ್ಲಿ ಅವಳಿಗೆ ಅನ್ನ ಇತ್ತು, ಮರ್ಯಾದೆ ಇತ್ತು, ಹಿತ್ತಲ ಕೋಣೆಯೂ ಇತ್ತು. ಇಲ್ಲದ್ದು ಅವಳಿಗೆ ಒಂದು ಕೆಲಸ. ಅವಳಿಗೋ ಈ ಜಗಳಗಂಟಿ ನಳ, ಈ ಕಪಾಟು, ಅವನು ಓಡಾಡಿದ ಈ ಗಲ್ಲಿಯನ್ನು ಬಿಟ್ಟು ಹೋಗುವ ಮನಸ್ಸಿರಲಿಲ್ಲ.

ಸಿದ್ದಲಿಂಗಪ್ಪ ಗದ್ದ ಕೆರೆದುಕೊಂಡರು. ಗದ್ದವೂ ಕಪ್ಪಾಯಿತು. "ನೋಡ್ರಿ ಗೌರಾಬಾಯಾರ, ಇವತ್ತು ಸಂಜಿ ಒಳಗ ಬರದು ಕೊಡ್ರಿ. ಛಲೋ ಇತ್ತಂದ್ರ ಪುಟಾನೂ ನಿಮ್ಮದ, ಪ್ರೆಸ್ಸಿನಾಗ ಪ್ರೂಫ್ ನೋಡೋ ಕೆಲಸಾನೂ ನಿಮ್ಮದ. ಇಲ್ಲಾಂದ್ರ ಶಿವಪುತ್ರಪ್ಪ ಅದಾನ."

ಅವರು ಹೋದರು. ಈಗ ಉಳಿದದ್ದು ಒಂದೇ ತೊಡಕು. ಗಂಡ ಸತ್ತು ತಿಂಗಳೂ ತುಂಬದ ಹೆಣ್ಣುಮಗಳು ಮಧ್ಯಾಹ್ನದ ಆಟಕ್ಕೆ ದೆವ್ವದ ಚಿತ್ರ ನೋಡಲು ವಾಡೆಯ ಬಾಗಿಲು ದಾಟುವುದು ಹೇಗೆ?

ವಾಡೆಯ ಬಾಗಿಲಲ್ಲಿ ಅಂಬಾಬಾಯಿ ಕೂತಿದ್ದರು. ವಾಡೆಯ ಒಡತಿ, ಮೂವತ್ತು ವರ್ಷದಿಂದ ವಿಧವೆ, ಧರ್ಮಶಾಸ್ತ್ರದಲ್ಲಿ ಆ ವಾಡೆಯ ಮಟ್ಟಿಗೆ ಸುಪ್ರೀಂ ಕೋರ್ಟು. ಗೌರಾಬಾಯಿ ಸುಳ್ಳು ಹೇಳಲು ಬಾಯಿ ತೆರೆದಳು, ಆದರೆ ಸುಳ್ಳು ಸಿಗದೆ ನಿಜವನ್ನೇ ಹೇಳಿಬಿಟ್ಟಳು. ಅಂಬಾಬಾಯಿ ಕಣ್ಣು ಮುಚ್ಚಿ ಯೋಚಿಸಿದರು. ರುದ್ರವ್ವ ಸೊಂಟದ ಮೇಲೆ ಕೈಯಿಟ್ಟು ತೀರ್ಪಿಗೆ ಕಾದಳು.

"ಮನಸ್ಸಿಗೆ ಸಂತೋಷ ಆಗ್ಲಿ ಅಂತ ಪಿಚ್ಚರ್ ನೋಡೂದು ತಪ್ಪು" ಎಂದರು ಅಂಬಾಬಾಯಿ. "ಆದ್ರ ದೆವ್ವದ ಪಿಚ್ಚರಿನಾಗ ಸಂತೋಷ ಎಲ್ಲದ? ಸುರುವಿನಿಂದ ಅಖೇರಿತನಕ ಬರೇ ಹೆಣ, ಸ್ಮಶಾನ, ಬೂದಿ. ಅದೂ ಒಂದು ನಮೂನಿ ಸೂತಕನ. ಹೋಗಲಿಕ್ಕೆ ಅಡ್ಡಿ ಇಲ್ಲ."

"ನಾ ಹೋಗಿ ಬರ್ತೀನಿ ಮೌಶಿ ಹಂಗಾದ್ರ" ಎಂದಳು ಗೌರಾಬಾಯಿ.

"ಒಬ್ಬಾಕಿನ ಹೋಗೂದು ಮಾತ್ರ ಶಾಸ್ತ್ರಕ್ಕ ಬರೂದಿಲ್ಲ" ಎಂದು ಅಂಬಾಬಾಯಿ ಎದ್ದು ನಿಂತರು. ರುದ್ರವ್ವ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಇಬ್ಬರು ಕಾವಲುಗಾರ್ತಿಯರು ಹೊರಡಲು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಮದುವೆಯ ದಿಬ್ಬಣ ಹೊರಡಬಹುದಿತ್ತು. ಹಚ್ಚಿದ ಅವಲಕ್ಕಿ ಒಂದು ಡಬ್ಬಿಗೆ ಬಿತ್ತು. ಬಣ್ಣದ ಸೀರೆ ಉಟ್ಟರೆ ನೋಡಿದವರು ಏನಂದಾರು ಎಂದು ರುದ್ರವ್ವ ಸೀರೆ ಬದಲಿಸಿದಳು. ಉಟ್ಟ ಮೇಲೆ ಅದು ತೀರ ಸಪ್ಪೆಯೆನಿಸಿ ಮತ್ತೆ ಮೊದಲಿನದನ್ನೇ ಉಟ್ಟಳು. ಹಣಮಂತ್ರಾಯರು ಬಂದು ಕೇಳಿದರೆ ಓಂಕಾರೇಶ್ವರನ ಗುಡಿಗೆ ಹೋಗಿದ್ದಾರೆಂದು ಹೇಳಬೇಕೆಂದು ಮೇಲಿನ ಮಾಳಿಗೆಯವರಿಗೆ ಕೂಗಿ ಹೇಳಿದರು. ಕೂಗಿದ್ದು ಎಷ್ಟು ಜೋರಿತ್ತೆಂದರೆ, ಓಂಕಾರೇಶ್ವರನಿಗೂ ಕೇಳಿಸಿರಬೇಕು.

ಟಾಕೀಜಿನ ಮುಂದೆ ದೊಡ್ಡ ಬೋರ್ಡು. ಬಂಗಲೆಯ ಕಿಟಕಿಯಿಂದ ಉಗುರು ಬೆಳೆದ ಕೈಯೊಂದು ಹೊರಬಂದು ಚಿತ್ರದ ಹೆಸರನ್ನು ಹಿಡಿದುಕೊಂಡಿತ್ತು. ಅದರ ಕೆಳಗೆ ಮೂವರೂ ಸೆರಗು ಮುಖಕ್ಕೆಳೆದುಕೊಂಡು ಸಾಲಿನಲ್ಲಿ ನಿಂತಿದ್ದಾಗ ಅರಿವೆ ಅಂಗಡಿಯ ಈರಬಸಪ್ಪ ಎದುರಾದರು. ರಘುರಾಮನಿಗೆ ಬಹಳ ಬೇಕಾದವರು. ಆದರೆ ಊರಲ್ಲಿಲ್ಲದ್ದರಿಂದ ಅಂತ್ಯಕ್ರಿಯೆಗೂ ಬರಲಾಗಿರಲಿಲ್ಲ, ಮನೆಗೆ ಬಂದು ಸಂತಾಪ ಹೇಳಲೂ ಆಗಿರಲಿಲ್ಲ. ಗೌರಾಬಾಯಿಯನ್ನು ಕಂಡ ಕೂಡಲೇ ಆ ಕರ್ತವ್ಯ ಅವರ ಕೊರಳಿಗೆ ಬಂತು. ಅಲ್ಲೇ, ಕೈಯಲ್ಲಿ ತಮ್ಮ ಬಾಲ್ಕನಿಯ ಟಿಕೆಟ್ಟು ಹಿಡಿದುಕೊಂಡೇ, ಅವರು ಗದ್ಗದಿತರಾದರು. ಇಂಥ ಹುಡುಗ ಇನ್ನೊಬ್ಬ ಹುಟ್ಟುವುದಿಲ್ಲ ಎಂದರು. ನಿರ್ಭೀತನ ಬರಹ ಓದದೆ ತಾವು ಒಂದು ದೆವ್ವದ ಮುಖವನ್ನೂ ನೋಡಿದವರಲ್ಲ ಎಂದರು. ಸಾಲಿನಲ್ಲಿದ್ದ ಮರಾಠಿ ಜನ ಏನಾಯಿತೆಂದು ಕೇಳಿದರು, ರುದ್ರವ್ವ ಮರಾಠಿಯಲ್ಲಿ ವಿವರಿಸಿದಳು, ಮುದುಕನೊಬ್ಬ ಟೊಪ್ಪಿಗೆ ತೆಗೆದ. ಸ್ವಲ್ಪ ಹೊತ್ತಿನಲ್ಲಿ ಟಿಕೆಟ್ಟಿನ ಸಾಲು ಪೂರ್ತಿ ಸಂತಾಪ ಸಭೆಯಾಗಿ, ಒಳಗೆ ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಹೀಗಾಗಿ ಅವರು ಒಳಗೆ ಕಾಲಿಟ್ಟಾಗ ಚಿತ್ರ ಸುರುವಾಗಿ ಸಾಕಷ್ಟು ಹೊತ್ತಾಗಿತ್ತು. ಬಾಗಿಲು ಕಾಯುವವನು ಬೆಂಕಿಕಡ್ಡಿ ಗೀರಿ ಗೀರಿ ಕುರ್ಚಿ ತೋರಿಸಿದ. ಒಂದೊಂದು ಕಡ್ಡಿಗೆ ಒಂದೊಂದು ಸಾಲು ದಾಟಿ ಅವರು ಕೂತರು.

ತೆರೆಯ ಮೇಲೆ ಬಿಳಿ ಸೀರೆಯ ಹೆಂಗಸೊಬ್ಬಳು ದೊಡ್ಡ ಬಂಗಲೆಯಲ್ಲಿ ಒಬ್ಬಳೇ ಇದ್ದಳು. ಗೋಡೆಯ ಮೇಲೆ ಮಾಲೆ ಹಾಕಿದ ಗಂಡನ ಫೋಟೋ. ಮೆಟ್ಟಿಲ ಮೇಲೆ ಯಾರೂ ಇಲ್ಲದೆ ಹೆಜ್ಜೆಯ ಸಪ್ಪಳ. ಬಾಗಿಲು ತಾನಾಗಿ ಕಿರ್ರೆಂದು ತೆರೆದಾಗ ಇಡೀ ಟಾಕೀಜು ಚೀರಿತು. ರುದ್ರವ್ವ ಗೌರಾಬಾಯಿಯ ತೋಳು ಹಿಡಿದು, ಅದೇ ತೋಳಿನ ಹಿಂದೆ ಮುಖ ಮುಚ್ಚಿಕೊಂಡಳು. ಗೌರಾಬಾಯಿಗೆ ಏನೂ ಆಗಲಿಲ್ಲ. ಬಾಗಿಲು ತಾನಾಗಿ ತೆರೆಯುವುದು ಎಷ್ಟೋ ವಾಸಿ, ತನ್ನ ಮನೆಯಲ್ಲಿ ಎದ್ದು ತಾನೇ ತೆರೆಯಬೇಕು ಎಂದುಕೊಂಡಳು. ತೆರೆದರೆ ಅಲ್ಲಿ ದೆವ್ವ ಇರುವುದಿಲ್ಲ, ಹಾಲಿನವನು ಇರುತ್ತಾನೆ.

ಮಂತ್ರವಾದಿ ಬಂದ. ನಿಂಬೆಹಣ್ಣು ಉರುಳಿತು. ಬಂಗಲೆಗೆ ಬೆಂಕಿ ಬಿದ್ದು, ತೊಲೆಗಳು ಮುರಿದು, ಬೂದಿಯ ನಡುವೆ ಆ ಹೆಂಗಸು ಒಬ್ಬಳೇ ನಿಂತಳು. ದೀಪ ಹತ್ತಿದವು. ಮಧ್ಯಂತರ.

"ಬಂಗಲೇನ ಸುಟ್ಟು ಹೋತಲ್ರಿ" ಎಂದಳು ರುದ್ರವ್ವ, ಅವಲಕ್ಕಿಯ ಡಬ್ಬಿ ತೆರೆಯುತ್ತ. "ಇನ್ನ ಅರ್ಧಾ ಪಿಚ್ಚರ್ ಎಲ್ಲಿ ತಗೀತಾರ?"

ಗೌರಾಬಾಯಿಗೂ ಅದೇ ಪ್ರಶ್ನೆ. ಕೈಯಲ್ಲಿ ಪೆನ್ಸಿಲಿತ್ತು, ಬರೆಯಲು ಒಂದಕ್ಷರವೂ ಇರಲಿಲ್ಲ. ಶಿವಪುತ್ರಪ್ಪನ ಮುಖ ಮತ್ತು ಸುರಪುರದ ಹಿತ್ತಲ ಕೋಣೆ ಜೊತೆಜೊತೆಯಾಗಿ ಕಣ್ಣ ಮುಂದೆ ಬಂದವು.

ಮತ್ತೆ ಕತ್ತಲಾಯಿತು. ಮೊದಲು ಸರ್ಕಾರದ ಪ್ರಮಾಣಪತ್ರ ಬಂತು. ಆಮೇಲೆ ರಕ್ತ ತೊಟ್ಟಿಕ್ಕುವ ಅಕ್ಷರಗಳಲ್ಲಿ ಚಿತ್ರದ ಹೆಸರು, ನಟರ ಹೆಸರು, ಸಂಗೀತದವರ ಹೆಸರು. ಗೌರಾಬಾಯಿ ನೆಟ್ಟಗಾದಳು. ಮಧ್ಯಂತರದ ಮೇಲೆ ಹೆಸರು ತೋರಿಸುವ ಚಿತ್ರ! ಆಮೇಲೆ ಬಂಗಲೆ ಕಂಡಿತು. ಸುಟ್ಟಿರಲಿಲ್ಲ, ಸುಣ್ಣ ಹೊಡೆದು ಲಕಲಕ ಹೊಳೆಯುತ್ತಿತ್ತು. ಅದರ ಮುಂದೆ ಒಂದು ಜೀಪು ಬಂದು ನಿಂತಿತು. ಜೀಪಿನಿಂದ ಆ ಹೆಂಗಸು ಹಳದಿ ಸೀರೆಯಲ್ಲಿ ಇಳಿದಳು. ಅವಳ ಹಿಂದೆ ನಗುತ್ತ ಇಳಿದವನು ಗಂಡ. ಮಾಲೆ ಹಾಕಿದ ಫೋಟೋದಲ್ಲಿದ್ದವನೇ.

ಕೆಳಗಿನ ಕ್ಲಾಸಿನವರು ಶಿಳ್ಳೆ ಹೊಡೆದರು. ಆದರೆ ಅವರು ಹೊಡೆಯದ ಗಳಿಗೆಯೇ ಇರಲಿಲ್ಲವಾದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಇವ ಸತ್ತಿದ್ನಲ್ಲ?" ಎಂದಳು ರುದ್ರವ್ವ.

"ಫ್ಲ್ಯಾಶ್‌ಬ್ಯಾಕ್ ಅದು" ಎಂದರು ಅಂಬಾಬಾಯಿ, ಹಿಂದಿನ ಎರಡು ಸಾಲಿಗೂ ಕೇಳುವಂತೆ. ಹಿಂದಿನ ಎರಡು ಸಾಲಿನವರು ತಲೆಯಾಡಿಸಿ ತಮ್ಮ ಹಿಂದಿನವರಿಗೆ ಹೇಳಿದರು. ಹೀಗೆ ಅರ್ಧ ಬಾಲ್ಕನಿಗೆ ಕತೆ ಅರ್ಥವಾಯಿತು.

ತೆರೆಯ ಮೇಲಿನ ಗಂಡ ಬಂಗಲೆಯ ಬಾಗಿಲು ದೂಡಿದ. ಬಾಗಿಲು ಕಿರ್ರೆಂದಿತು. ಟಾಕೀಜು ಚೀರಲು ಉಸಿರೆಳೆದುಕೊಂಡಿತು. ಗಂಡ ಮುಖ ಸಿಂಡರಿಸಿ, ಜೀಪಿಗೆ ಹಿಂತಿರುಗಿ, ಎಣ್ಣೆಯ ಡಬ್ಬಿ ತಂದು ತಿರುಗಣಿಗೆ ಎರಡು ಹನಿ ಬಿಟ್ಟ. ಬಾಗಿಲನ್ನು ಹಿಂದೆ ಮುಂದೆ ಆಡಿಸಿದ. ಸದ್ದು ನಿಂತಿತು. ಹೆಂಡತಿಯ ಕಡೆ ತಿರುಗಿ ನಕ್ಕ.

ಇಷ್ಟು ವರ್ಷಕ್ಕೆ, ಇಷ್ಟು ಬಂಗಲೆಗಳಾದ ಮೇಲೆ, ಒಬ್ಬ ಪುಣ್ಯಾತ್ಮ ಎಣ್ಣೆ ಬಿಟ್ಟ. ಅದನ್ನು ನೋಡಬೇಕಾದವನು ನೋಡಲಿಲ್ಲ. ಗೌರಾಬಾಯಿ ಅತ್ತಳು. ಸೆರಗು ತುಂಬ, ರುದ್ರವ್ವನ ಸೆರಗೂ ತುಂಬ, ಸದ್ದು ಮಾಡಿ ಅತ್ತಳು. ನಾಯಕ ನಾಯಕಿ ತೋಟದಲ್ಲಿ ಕುಣಿಯುತ್ತಿದ್ದಾಗಲೂ ಅತ್ತಳು. ದೆವ್ವಕ್ಕೆ ಹೆದರಿದಳೆಂದು ತಿಳಿದ ಪಕ್ಕದ ಸಾಲಿನವರು ಕುಡಿಯಲು ಸೋಡಾ ಕೊಟ್ಟರು. ಅಂಬಾಬಾಯಿ ಅವಳ ಬೆನ್ನು ನೇವರಿಸುತ್ತ, ಕಣ್ಣನ್ನು ಮಾತ್ರ ತೆರೆಯಿಂದ ಕೀಳದೆ, "ಅತ್ತಬಿಡವ್ವ, ಅತ್ತಬಿಡು. ಸ್ವಲ್ಪ ತಲಿ ಈ ಕಡೆ ಮಾಡು, ಕಾಣವಲ್ದು" ಎಂದರು.

ಕೊನೆಗೆ ಮಾಳಿಗೆಯಲ್ಲಿ ಏನೋ ಸದ್ದಾಯಿತು. ಗಂಡ ಕಂದೀಲು ಹಿಡಿದು ಮೆಟ್ಟಿಲು ಹತ್ತಿದ. ಅರ್ಧದಲ್ಲಿ ನಿಂತು ಹಿಂದೆ ನೋಡಿ, ಈಗ ಬಂದೆ ಎಂದ. ಅಲ್ಲಿಗೇ ದೀಪ ಹತ್ತಿದವು. ಆಟ ಮುಗಿದಿತ್ತು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಬಹಳ ಮೇಲಿನ ಮಟ್ಟದ ಚಿತ್ರ ಎಂದು ಈರಬಸಪ್ಪ ತಮ್ಮ ಸುತ್ತಲಿನವರಿಗೆ ಹೇಳುತ್ತಿದ್ದರು. ಮೊದಲನೇ ಭಾಗವೂ ತಮಗೆ ತಿಳಿದಿರಲಿಲ್ಲ ಎಂದು ಸೇರಿಸಿದರು.

ಹೊರಗೆ ಬರುವಾಗ ಬಾಗಿಲು ಕಾಯುವವನು ಅಡ್ಡ ಬಂದು ಕೈ ಮುಗಿದ. ಹೆಸರು ಶಂಕ್ರೆಪ್ಪ, ಯಾದಗಿರಿ ಕಡೆಯವನು. ಸಾಲಿನಲ್ಲಿ ಈರಬಸಪ್ಪ ಅತ್ತದ್ದನ್ನು ಕೇಳಿ ಅವನಿಗೆ ಸುದ್ದಿ ಗೊತ್ತಾಗಿತ್ತು. ರಘುರಾಮ ಸಾಹೇಬರ ಮನೆಯವರೇನ್ರಿ ಎಂದು ಕೇಳಿದ. ಆಮೇಲೆ ಏನೋ ಹೇಳಲು ಹೋಗಿ ಕಾಲಿನ ಹೆಬ್ಬೆರಳು ನೋಡಿಕೊಂಡ. ಹೇಳಿಬಿಡು ಎಂದು ಅಂಬಾಬಾಯಿ ಗದರಿದರು.

"ಸಾಹೇಬ್ರು ನನ್ನ ಬ್ಯಾಟರಿ ಒಯ್ದಿದ್ರಿ" ಎಂದ. "ಕತ್ತಲಾಗ ಕುರ್ಚಿ ತೋರಸೂ ಬ್ಯಾಟರಿ. ದೆವ್ವದ ಪಿಚ್ಚರ್ ನೋಡಿದಾಗೊಮ್ಮೆ ಒಯ್ತಿದ್ರಿ, ಮರುದಿನ ಕೊಡ್ತಿದ್ರಿ. ಆ ಗಲ್ಲಿ ಮೂಲ್ಯಾಗ ಆಲದ ಗಿಡ ಅದ ನೋಡ್ರಿ, ಅಲ್ಲಿ ದಾಟಲಿಕ್ಕೆ ಅವ್ರಿಗೆ ಅಂಜಿಕಿ."

ದೇಶದ ಅಷ್ಟೂ ದೆವ್ವಗಳ ಮಾನ ಕಳೆದ ನಿರ್ಭೀತ ಗಲ್ಲಿಯ ಆಲದ ಮರಕ್ಕೆ ಹೆದರುತ್ತಿದ್ದ. ಗೌರಾಬಾಯಿಗೆ ನಗು ಬರಬೇಕಿತ್ತು. ಇನ್ನೂ ಅಳುವೇ ಮುಗಿದಿರಲಿಲ್ಲವಾದ್ದರಿಂದ ಎರಡೂ ಸೇರಿ ಬಿಕ್ಕಳಿಕೆ ಬಂತು. ಸಂಜೆಗೇ ಹುಡುಕಿ ತಂದು ಕೊಡುತ್ತೇನೆಂದು ಹೇಳಿ ಹೊರಟಳು.

ಮನೆಗೆ ಬಂದವಳೇ ಬರೆಯಲು ಕೂತಳು. ಅಲ್ಲಿಯವರೆಗೆ ಒಂದಕ್ಷರ ಹೊರಡದೆ ಇದ್ದ ಪೆನ್ಸಿಲು ಈಗ ಕಟ್ಟು ಬಿಚ್ಚಿದ ಕರುವಿನಂತೆ ಓಡಿತು. ಕಪಾಟಿನ ಕೆಳಗಿದ್ದ ಪ್ರಬಂಧಕ್ಕೂ ಕೊನೆಗೆ ಕೆಲಸ ಸಿಕ್ಕಿತು; ಅದನ್ನು ಎಳೆದು ತೆಗೆಯುವ ಅವಶ್ಯಕತೆಯೂ ಬೀಳಲಿಲ್ಲ, ಎಲ್ಲ ಬಾಯಿಪಾಠವಿತ್ತು. 'ಕಾಲವು ಮುಂದಕ್ಕೇ ಹರಿಯಬೇಕೆಂಬ ಮೂಢನಂಬಿಕೆಯನ್ನು ನಿರ್ದೇಶಕರು ಧೈರ್ಯವಾಗಿ ಮುರಿದಿದ್ದಾರೆ' ಎಂದು ಬರೆದಳು. 'ಚಿತ್ರದ ಹೆಸರನ್ನು ನಟ್ಟನಡುವೆ ತೋರಿಸಿ, ಪ್ರತಿ ಕೊನೆಯೂ ಒಂದು ಮೊದಲು ಎಂದು ಸಾರಿದ್ದಾರೆ. ಇಂಥ ಪ್ರಯೋಗ ನಮ್ಮ ಪ್ರಾಚೀನ ಕವಿಗಳಿಗೂ ಹೊಳೆದಿರಲಿಲ್ಲ.' ಆಮೇಲೆ ಪೆನ್ಸಿಲು ಸ್ವಲ್ಪ ನಿಧಾನವಾಯಿತು. 'ಸತ್ತವನು ದೆವ್ವವಾಗಿ ಬರುವುದು ಹಳೆಯ ಕತೆ. ಇಲ್ಲಿ ಸತ್ತವನು ಗಂಡನಾಗಿಯೇ ಬರುತ್ತಾನೆ, ಬಂದು ಬಾಗಿಲಿಗೆ ಎಣ್ಣೆ ಬಿಡುತ್ತಾನೆ. ಎರಡನೇ ಭಾಗ ಇರಬೇಕಾದದ್ದು ಇದಕ್ಕೇ.' ಕೆಳಗೆ 'ನಿರ್ಭೀತ' ಎಂದು ಸಹಿ ಹಾಕಿದಳು.

ಸಿದ್ದಲಿಂಗಪ್ಪ ಬಿಸಿಲು ಇಳಿಯುವ ಮೊದಲೇ ಬಂದರು. ಹಣಮಂತ್ರಾಯರು ಬಸ್ಸಿನ ಟಿಕೆಟ್ಟು ಜೇಬಿನಲ್ಲಿಟ್ಟುಕೊಂಡು ಜೋಕಾಲಿಯ ಮೇಲೆ ಕೂತಿದ್ದರು. ಇದುವರೆಗೆ ಓಂಕಾರೇಶ್ವರನನ್ನೇ ನಂಬಿಕೊಂಡಿದ್ದವರ ಎದುರಿಗೇ ಸಂಪಾದಕರು ವಿಮರ್ಶೆಯನ್ನು ಗಟ್ಟಿಯಾಗಿ ಓದತೊಡಗಿದರು. ಸಿನಿಮಾ ಎಂಬ ಮಾತು ಕಿವಿಗೆ ಬಿದ್ದಾಗ ಹಣಮಂತ್ರಾಯರು ಜೋಕಾಲಿ ನಿಲ್ಲಿಸಿದರು. ಅವರ ಮೀಸೆ ಮೇಲೇರಿತು. ಗೌರಾಬಾಯಿ ಕಂಬದ ಹಿಂದೆ ಸರಿದಳು. ಓದು ಮುಂದೆ ಹೋಯಿತು. ಸತ್ತವನು ಗಂಡನಾಗಿಯೇ ಬರುತ್ತಾನೆ ಎಂಬಲ್ಲಿಗೆ ಬಂದಾಗ ಮೀಸೆ ಇಳಿಯಿತು. ಎಣ್ಣೆ ಬಿಡುವಲ್ಲಿಗೆ ಮಾಸ್ತರರು ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡರು. ಸಿದ್ದಲಿಂಗಪ್ಪನವರ ಮುಖವಂತೂ ಅಷ್ಟರಲ್ಲಿ ಪೂರಾ ಕಪ್ಪಾಗಿತ್ತು.

"ನಿರ್ಭೀತ ಎದ್ದು ಬಂದಂಗ ಆತ್ರಿ" ಎಂದರು ಸಂಪಾದಕರು. ಇದನ್ನು ಕೊನೆಯ ಪುಟಕ್ಕಲ್ಲ, ಮೊದಲ ಪುಟಕ್ಕೇ ಹಾಕುತ್ತೇನೆ, ಹೋಗುವಾಗಲೇ ಅಚ್ಚಿನ ಮೊಳೆ ಜೋಡಿಸಲು ಕೊಡುತ್ತೇನೆ ಎಂದರು.

ಹಣಮಂತ್ರಾಯರು ಜೇಬಿನಿಂದ ಟಿಕೆಟ್ಟು ತೆಗೆದು ನೋಡಿದರು.

"ನನ್ನ ತಮ್ಮ ಹೊಲಸು ಪಿಚ್ಚರ್ ನೋಡಿ ಟೈಮು ಹಾಳ ಮಾಡ್ತಾನ ಅಂತ ತಿಳದಿದ್ದೆ" ಎಂದರು. "ಇಂಥಾವು ನೋಡ್ತಿದ್ದ ಅಂತ ಗೊತ್ತಿದ್ದಿಲ್ಲ. ಗೌರಾ, ನಾನೂ ಒಮ್ಮೆ ನೋಡ್ತೀನಿ. ನೀ ಬರದಂಗ ಅದು ಇತ್ತಂದ್ರ ನಿನ್ನ ಟಿಕೆಟ್ ಹರದ ಹಾಕ್ತೀನಿ. ನೀ ಇಲ್ಲೇ ಇರು, ಬರಕೋತ ಇರು. ಸುಳ್ಳಾದ್ರ ಮಾತ್ರ ನಾಳೆ ಮುಂಜಾನಿ ಬಸ್ಸು."

"ನಡೀರಿ ಮಾಸ್ತರ, ನಾನೂ ಬರ್ತೀನಿ. ನನ್ನ ಮನಿಯವರನ್ನೂ ಕರಕೋತೀನಿ" ಎಂದರು ಸಿದ್ದಲಿಂಗಪ್ಪ. "ಹಂಗ ಶಿವಪುತ್ರಪ್ಪನೂ ಬರಲಿ. ಬರವಣಿಗಿ ಅಂದ್ರ ಏನು ಅಂತ ಅವನಿಗೂ ಗೊತ್ತಾಗಲಿ."

ಅವರೆಲ್ಲ ಸಂಜೆಯ ಆಟಕ್ಕೆ ಹೋದ ಮೇಲೆ ಗೌರಾಬಾಯಿ ರಘುರಾಮನ ಆಫೀಸಿನ ಚೀಲದಲ್ಲಿ ಬ್ಯಾಟರಿ ಹುಡುಕಿ ತೆಗೆದಳು. ತಲೆ ಕೂದಲು ಸರಿ ಮಾಡಿಕೊಂಡು ಹೊರಟಳು. ವಾಡೆಯ ಬಾಗಿಲಲ್ಲಿ ರುದ್ರವ್ವ ಅವಳನ್ನು ತಡೆದು, ನಾಳೆಯಿಂದ ನಳಕ್ಕೆ ತನ್ನ ಸರತಿಯಲ್ಲೇ ಬರಬೇಕು, ನಡುವೆ ನುಗ್ಗಬಾರದು ಎಂದು ಖಡಕ್ಕಾಗಿ ಹೇಳಿದಳು. ಗೌರಾಬಾಯಿಗೆ ಎಷ್ಟೋ ದಿನಗಳ ಮೇಲೆ ಮೈ ಹಗುರಾಯಿತು.

ಟಾಕೀಜಿನ ಮೆಟ್ಟಿಲ ಮೇಲೆ ಶಂಕ್ರೆಪ್ಪ ಬೀಡಿ ಸೇದುತ್ತ ಕೂತಿದ್ದ. ಅವಳನ್ನು ಕಂಡು ಬೀಡಿ ಹಿಂದೆ ಮರೆಮಾಡಿದ. ಆಟ ಸುರುವಾಗಿ ಎಷ್ಟೊತ್ತಾಯಿತು ಎಂದು ಅವಳು ಕೇಳಿದಳು. ಈಗಷ್ಟೇ ಎಂದ ಅವನು. ಆಮೇಲೆ ಸುತ್ತಲೂ ನೋಡಿ ದನಿ ತಗ್ಗಿಸಿದ.

"ಮಧ್ಯಾಹ್ನದ ಆಟದಾಗ ದೊಡ್ಡ ಗೋಂಧಳ ಆಗಿತ್ರಿ ಬಾಯಾರ. ಈ ಪಿಚ್ಚರಿನ ರೀಲು ಊರಿಗೆಲ್ಲ ಒಂದ ಸೆಟ್. ಎರಡು ಟಾಕೀಜಿನಾಗ ಹಂಚಿಕೊಂಡು ಓಡಸ್ತಾರ. ಅಲ್ಲಿ ಮುಗದ ಡಬ್ಬಿ ಸೈಕಲ್ ಮ್ಯಾಲೆ ಇಲ್ಲಿ ಬರಬೇಕು. ಇವತ್ತು ಸೈಕಲ್ಲಿನವ ಅಖೇರಿ ಅರ್ಧದ ಡಬ್ಬಿ ಮೊದಲ ತಂದುಬಿಟ್ಟ. ಜನ ಶಿಳ್ಳಿ ಹಾಕಲಿಕ್ಕತ್ತಿದ್ರು. ಇದ್ದದ್ದ ಹಚ್ಚು ಅಂದ್ರು ಮ್ಯಾನೇಜರ್. ಇಂಟರ್ವಲ್ ಆದ ಮ್ಯಾಲಿಂದು ಮೊದಲ ಓಡ್ತು, ಮೊದಲಿಂದು ಆಮ್ಯಾಲ ಓಡ್ತು. ಆಪರೇಟರ್ ಈಗ ಹೇಳಿದ ನನಗ. ಒಬ್ಬರಾದ್ರೂ ಗುರುತು ಹಿಡೀಬೇಕಲ್ರಿ? ಒಬ್ಬರೂ ಕೇಳಲಿಲ್ಲ."

ಗೌರಾಬಾಯಿಗೆ ತಾನು ಬರೆದದ್ದು ಸಾಲುಸಾಲಾಗಿ ನೆನಪಾಯಿತು. ಪ್ರತಿ ಕೊನೆಯೂ ಒಂದು ಮೊದಲು. ಪ್ರಾಚೀನ ಕವಿಗಳಿಗೂ ಹೊಳೆಯದ ಪ್ರಯೋಗ. ಅದು ಸೈಕಲ್ಲಿನವನಿಗೆ ಹೊಳೆದಿತ್ತು. ಪ್ರಥಮ ದರ್ಜೆ ಕೊಟ್ಟ ವಿಶ್ವವಿದ್ಯಾಲಯ ಎಲ್ಲಾದರೂ ಇದನ್ನು ಕೇಳಿದರೆ ಪದವಿ ವಾಪಸು ಕೇಳಲು ಮನೆಗೇ ಬಂದೀತು.

"ಹಂಗಾದ್ರ" ಎಂದಳು, "ಆತ ಮೆಟ್ಟಲಾ ಹತ್ತಿ ಹೋದ ಮ್ಯಾಲೆ?"

"ಹೋದ ಮ್ಯಾಲೆ ಏನ್ರಿ? ಅಲ್ಲೇ ಸಾಯ್ತಾನ. ಆಮ್ಯಾಲ ಆಕಿ ಒಬ್ಬಾಕಿನ. ಅಖೇರಿಗೆ ಬಂಗಲಾ ಸುಟ್ಟು ಬೂದಿ. ಎಲ್ಲಾ ಪಿಚ್ಚರಿನಂಗ ಇದೂ." ಅವನು ಸಮಾಧಾನ ಹೇಳುವವನಂತೆ ನಕ್ಕ. "ಸಂಜಿ ಆಟ ಬರೋಬ್ಬರಿ ನಡದದ ಬಿಡ್ರಿ. ಡಬ್ಬಿ ನಾನ ಖುದ್ದ ನೋಡಿ ಕೊಟ್ಟೀನಿ. ನಿಮ್ಮ ಮಂದಿನೂ ಬಂದಾರಲ್ಲ, ಬಾಲ್ಕನ್ಯಾಗ ಮುಂದಿನ ಸಾಲಿನಾಗ ಕುಂಡ್ರಿಸೀನಿ."

ಆ ಮುಂದಿನ ಸಾಲನ್ನು ಗೌರಾಬಾಯಿ ಕಣ್ಣಿಗೆ ತಂದುಕೊಂಡಳು. ಭಾವನವರು, ಜೇಬಿನಲ್ಲಿ ಬಸ್ಸಿನ ಎರಡು ಟಿಕೆಟ್ಟು. ಸಂಪಾದಕರು, ಅವರ ಹೆಂಡತಿ. ಕೊನೆಗೆ ಶಿವಪುತ್ರಪ್ಪ. ಬಂಗಲೆ ಸುಟ್ಟ ಮೇಲೆ ಸತ್ತವನು ಜೀಪಿನಿಂದ ಇಳಿದು ಬರುವುದನ್ನು ಅವರೆಲ್ಲ ಕಾಯುತ್ತಾರೆ. ದೀಪ ಹತ್ತಿ, ಕಸ ಗುಡಿಸುವವನು ಬರುವವರೆಗೂ ಕಾಯುತ್ತಾರೆ.

ಮುಚ್ಚಿದ ಬಾಗಿಲಿನ ಆಚೆಯಿಂದ ಜೀಪಿನ ಸದ್ದು ಕೇಳಿತು. ಶಿಳ್ಳೆ ಎದ್ದಿತು. ಬಾಗಿಲು ಕಿರ್ರೆಂದಿತು, ಸ್ವಲ್ಪ ತಡೆದು, ಸದ್ದು ನಿಂತಿತು. ಎಣ್ಣೆ ಬಿಟ್ಟ.

ಗೌರಾಬಾಯಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಮಧ್ಯಂತರದವರೆಗೆ ಅವನು ಬದುಕಿರುತ್ತಾನೆ. ಅಲ್ಲಿಯವರೆಗೆ ಪುಟವೂ ತನ್ನದು, ಗಲ್ಲಿಯೂ ತನ್ನದು, ನಳದ ಸರತಿಯೂ ತನ್ನದು.

ಒಳಗೆ ಬಂದು ಕೂತುಕೊಳ್ಳಿ, ಒಂದು ಕುರ್ಚಿ ಖಾಲಿ ಇದೆ ಎಂದ ಶಂಕ್ರೆಪ್ಪ.

"ಬ್ಯಾಡ್ರಿ" ಎಂದಳು. "ಇಂಟರ್ವಲ್ ಆಗೂತನಕ ಇಲ್ಲೇ ನಿಂದರ್ತೀನಿ. ನೀವು ಒಳಗ ಹೋಗ್ರಿ."

ಆಮೇಲೆ ಸೆರಗಿನ ಒಳಗಿನಿಂದ ಬ್ಯಾಟರಿ ತೆಗೆದು ಅವನ ಕೈಗಿಟ್ಟಳು.